ತೆರೆದ ಮನೆಗೆ ಸಂಬಳದ ಕಾವಲು

ಒಂದು ಊರಿನಲ್ಲಿ ಎರಡು ಮನೆಗಳಿವೆಯೆಂದು ಭಾವಿಸೋಣ. ಮೊದಲನೆಯ ಮನೆಯೊಳಕ್ಕೆ ಒಮ್ಮೆ ಕಾಲಿಟ್ಟವನು ಪಡಸಾಲೆ, ಅಡುಗೆಮನೆ, ಉಗ್ರಾಣ, ಹಣದ ಪೆಟ್ಟಿಗೆಯಿರುವ ಕೋಣೆ, ಎಲ್ಲವನ್ನೂ ಸುತ್ತಿಬರಬಹುದು; ಒಳಗಿನ ಯಾವ ಬಾಗಿಲಿಗೂ ಬೀಗವಿಲ್ಲ. ಕಳ್ಳರ ಕಾಟ ಹೆಚ್ಚಿದ ಮೇಲೆ ಯಜಮಾನನು ತಲೆಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ, ಹಳೆಯ ಕಳ್ಳರ ಚಹರೆಗಳ ಪಟ್ಟಿಯೊಂದನ್ನು ಅವನ ಕೈಗೆ ಕೊಟ್ಟಿದ್ದಾನೆ. ಎರಡನೆಯ ಮನೆಯಲ್ಲಿ ಪ್ರತಿಯೊಂದು ಕೋಣೆಗೂ ಬೇರೆ ಬೇರೆ ಬೀಗ. ಯಾರಿಗೆ ಯಾವ ಕೋಣೆಯಲ್ಲಿ ಕೆಲಸವೋ ಅವರ ಬಳಿ ಆ ಕೋಣೆಯ ಬೀಗದ ಕೈ ಮಾತ್ರ. ಈ ಮನೆಯ ನಕ್ಷೆಯನ್ನು ಊರವರೆಲ್ಲರೂ ನೋಡಬಹುದು. ಗೋಡೆಯಲ್ಲಿ ಬಿರುಕು ಕಂಡವನು ಬಂದು ತಿಳಿಸಬಹುದು, ಬಲ್ಲವನಾದರೆ ಮುಚ್ಚುವ ಬಗೆಯನ್ನೂ ಹೇಳಿಕೊಡಬಹುದು. ಒಂದು ದಿನ ಕಾವಲುಗಾರರನ್ನು ಒದಗಿಸುವ ವ್ಯಾಪಾರಿಯು ಈ ಎರಡನೆಯ ಮನೆಗೂ ಬಂದು, “ನಿಮಗೂ ಕಾವಲು ಬೇಕು. ವರ್ಷಕ್ಕೆ ಇಷ್ಟು ಸಂಬಳ. ಎಲ್ಲ ಕೋಣೆಗಳ ಬೀಗದ ಕೈಗಳನ್ನೂ ನಮ್ಮವನ ವಶಕ್ಕೆ ಕೊಡತಕ್ಕದ್ದು” ಎಂದರೆ ಯಜಮಾನನು ಏನು ಹೇಳಬೇಕು?

ಕಂಪ್ಯೂಟರುಗಳ ಪ್ರಪಂಚದಲ್ಲಿ ಈ ಪ್ರಶ್ನೆ ಬರಿಯ ಕಥೆಯಲ್ಲ. ಮೊದಲನೆಯ ಮನೆಯನ್ನು ಹೋಲುವುದು ಹಿಂದಿನ ಎಂ.ಎಸ್. ಡಾಸ್ ಮತ್ತು ವಿಂಡೋಸ್ 95ರಂಥ ಕಾರ್ಯಾಚರಣ ವ್ಯವಸ್ಥೆಗಳು. ಇಂದಿನ ವಿಂಡೋಸ್‌ನಲ್ಲಿ ಒಳಬೀಗಗಳು ಉಂಟೆಂಬುದನ್ನು ನ್ಯಾಯವಾಗಿ ಒಪ್ಪಬೇಕು; ಆದರೆ ಆಂಟಿವೈರಸ್ ಎಂಬ ವ್ಯಾಪಾರ ಬೆಳೆದುದು ಬೀಗವಿಲ್ಲದ ಆ ಕಾಲದಲ್ಲಿ. ಎರಡನೆಯ ಮನೆಯೇ ಲಿನಕ್ಸ್. ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಸಾರಿದ ಗ್ನೂ ಯೋಜನೆಯೂ, ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಕರ್ನಲ್ ಎಂಬ ತಿರುಳೂ ಸೇರಿ ಆದ, ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ವ್ಯವಸ್ಥೆಯಿದು. ಇದಕ್ಕೂ ಆಂಟಿವೈರಸ್ ಮಾರಲು ಕಂಪೆನಿಗಳು ಬಂದಾಗ ಇದನ್ನು ಕಟ್ಟಿದವರಲ್ಲಿಯೂ ಬಳಸುವವರಲ್ಲಿಯೂ ಸಂಶಯ ಹುಟ್ಟಿತು. ಆ ಸಂಶಯ ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪು, ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲ ಪ್ರಯೋಗ

ವೈರಸ್ ಎಂದರೆ ಇನ್ನೊಂದು ಕ್ರಮವಿಧಿಗೆ ತನ್ನ ಪ್ರತಿಯನ್ನು ಅಂಟಿಸಿಬಿಡುವ ಕ್ರಮವಿಧಿ. ಅಂಟಿಸಿಕೊಂಡ ಕ್ರಮವಿಧಿಯನ್ನು ಯಾರಾದರೂ ನಡೆಸಿದಾಗ ಅದು ಮತ್ತೊಂದಕ್ಕೆ ಅಂಟುತ್ತದೆ. ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ ತೋರಿಸಿದವರು ಫ್ರೆಡ್ ಕೋಹೆನ್. ಅವರು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1983ರ ನವೆಂಬರ್ ತಿಂಗಳಲ್ಲಿ, ಅನುಮತಿ ಪಡೆದು ಈ ಪ್ರಯೋಗವನ್ನು ನಡೆಸಿದರು. ವೈರಸ್ ಎಂಬ ಹೆಸರನ್ನು ಸೂಚಿಸಿದವರು ಅವರ ಗುರು ಲೆನ್ ಏಡಲ್‌ಮನ್.

ಇಲ್ಲಿಯ ಸ್ವಾರಸ್ಯವೇನೆಂದರೆ, ಕೋಹೆನ್ನರ ಪ್ರಯೋಗ ನಡೆದುದು ಬೀಗವಿಲ್ಲದ ಮನೆಯಲ್ಲಿ ಅಲ್ಲ. ಯೂನಿಕ್ಸ್ ವ್ಯವಸ್ಥೆಯಿದ್ದ ವ್ಯಾಕ್ಸ್ ಯಂತ್ರದಲ್ಲಿ ಅದು ನಡೆಯಿತು. ಲಿನಕ್ಸ್ ರಚನೆಯಾದುದು ಆ ಯೂನಿಕ್ಸಿನ ಮಾದರಿಯಲ್ಲಿಯೇ. ಕಡತಗಳ ಜೋಡಣೆಯನ್ನು ಚಿತ್ರರೂಪದಲ್ಲಿ ತೋರಿಸುವ ಉಪಯುಕ್ತ ಕ್ರಮವಿಧಿಯೊಂದರಲ್ಲಿ ಕೋಹೆನ್ ತಮ್ಮ ವೈರಸ್ಸನ್ನು ಅಡಗಿಸಿ ಬಳಕೆದಾರರಿಗೆ ಒದಗಿಸಿದರು. ಐದು ಬಾರಿ ಮಾಡಿದ ಈ ದಾಳಿಯಲ್ಲಿ ಐದು ಬಾರಿಯೂ ಒಂದು ಗಂಟೆಯೊಳಗಾಗಿ ಇಡೀ ಯಂತ್ರದ ಸರ್ವಾಧಿಕಾರ ಅವರ ಕೈಗೆ ಬಂದಿತು. ಒಂದು ಬಾರಿಯಂತೂ ಐದು ನಿಮಿಷ ಕೂಡ ಹಿಡಿಯಲಿಲ್ಲ. ಫಲಿತಾಂಶವನ್ನು ಕಂಡ ಆಡಳಿತದವರು ಮುಂದೆ ಇಂಥ ಪ್ರಯೋಗಗಳೇ ಬೇಡವೆಂದು ನಿಲ್ಲಿಸಿಬಿಟ್ಟರು!

ಬೀಗಗಳು ಗಟ್ಟಿಯಾಗಿಯೇ ಇದ್ದುವು. ಆದರೆ ಬೀಗದ ಕೈಯುಳ್ಳವನೇ ಅಪರಿಚಿತನನ್ನು ನಂಬಿ ಒಳಕ್ಕೆ ಕರೆದರೆ ಬೀಗವೇನು ಮಾಡೀತು? ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಪಟ್ಟಿಯ ಮಿತಿ

ಆಂಟಿವೈರಸ್ ತಂತ್ರಾಂಶದ ಮುಖ್ಯ ಕೆಲಸ ಕಡತಗಳನ್ನು ಓದಿ, ಅವುಗಳಲ್ಲಿ ಈಗಾಗಲೇ ತಿಳಿದಿರುವ ವೈರಸ್ಸುಗಳ ಗುರುತುಗಳು ಇವೆಯೇ ಎಂದು ಹೋಲಿಸಿ ನೋಡುವುದು. ಈಚಿನ ಶೋಧಕಗಳು ಕ್ರಮವಿಧಿಯ ನಡತೆಯನ್ನೂ ಗಮನಿಸಿ ಊಹೆ ಮಾಡುತ್ತವೆ. ಹೊಸ ವೈರಸ್ ಹುಟ್ಟಿದಾಗಲೆಲ್ಲ ಪಟ್ಟಿಗೆ ಹೊಸ ಗುರುತು ಸೇರಬೇಕು. ವರ್ಷವರ್ಷವೂ ಹಣ ಕಟ್ಟಬೇಕಾದ ವ್ಯಾಪಾರಕ್ಕೆ ಇದೇ ಬುನಾದಿ.

ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ, ಪರೀಕ್ಷೆಯನ್ನು ಎಷ್ಟು ಸೂಕ್ಷ್ಮಗೊಳಿಸಿದರೂ, ಎಂದೂ ತಪ್ಪದ ಶೋಧಕವನ್ನು ರಚಿಸಲು ಸಾಧ್ಯವೆ? ಸಾಧ್ಯವಿಲ್ಲವೆಂದು ಕೋಹೆನ್ ತರ್ಕದಿಂದ ತೋರಿಸಿದರು. ಆ ತರ್ಕ ಎಷ್ಟು ಸರಳವೆಂದರೆ ಕಾಲೇಜಿನ ವಿದ್ಯಾರ್ಥಿ ಕುಳಿತಲ್ಲೇ ಅದನ್ನು ಒಪ್ಪಿಕೊಳ್ಳಬಹುದು. ಯಾವ ಕ್ರಮವಿಧಿಯನ್ನು ಮುಂದಿಟ್ಟರೂ ಅದು ವೈರಸ್ ಹೌದೋ ಅಲ್ಲವೋ ಎಂದು ತಪ್ಪದೆ ಹೇಳುವ ಪರೀಕ್ಷಕನೊಬ್ಬನಿದ್ದಾನೆ ಎಂದುಕೊಳ್ಳಿ. ಈಗ ಒಂದು ತುಂಟ ಕ್ರಮವಿಧಿಯನ್ನು ಬರೆಯೋಣ. ಅದು ಮೊದಲು ತನ್ನನ್ನೇ ಆ ಪರೀಕ್ಷಕನಿಗೆ ತೋರಿಸಿ ತೀರ್ಪು ಕೇಳುತ್ತದೆ. “ನೀನು ವೈರಸ್” ಎಂದರೆ ಏನೂ ಮಾಡದೆ ಸುಮ್ಮನಾಗುತ್ತದೆ. “ನೀನು ವೈರಸ್ ಅಲ್ಲ” ಎಂದರೆ ಕೂಡಲೇ ಹರಡತೊಡಗುತ್ತದೆ. ಹೌದೆಂದರೆ ಅಲ್ಲ, ಅಲ್ಲವೆಂದರೆ ಹೌದು! ಪರೀಕ್ಷಕನು ಏನು ಹೇಳಿದರೂ ತಪ್ಪೇ. ಆದುದರಿಂದ ಅಂಥ ಪರೀಕ್ಷಕನು ಇರಲಾರ. ಅಲನ್ ಟೂರಿಂಗ್ 1936ರಲ್ಲಿ ಗಣನೆಯ ಮಿತಿಗಳನ್ನು ತೋರಿಸಿದ ತರ್ಕಕ್ಕೂ ಇದಕ್ಕೂ ಹತ್ತಿರದ ಸಂಬಂಧವಿದೆ.

ಇದರಿಂದ ಶೋಧಕಗಳೆಲ್ಲ ನಿರುಪಯೋಗಿ ಎಂದೇನೂ ಆಗುವುದಿಲ್ಲ. ಅವು ಅನೇಕ ಹಳೆಯ ಕಳ್ಳರನ್ನು ಹಿಡಿಯುತ್ತವೆ. ಆದರೆ ‘ಸಂಪೂರ್ಣ ರಕ್ಷಣೆ’ ಎಂಬ ಜಾಹೀರಾತಿನ ಮಾತು ಗಣಿತಕ್ಕೆ ವಿರುದ್ಧವಾದುದು ಎಂಬುದು ನಿರ್ವಿವಾದ.

ರೋಗ ಹರಡದ ಊರು

ಲಿನಕ್ಸಿನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯನುಂಟು. ಒಡೆಯ, ಅವನ ಗುಂಪಿನವರು, ಉಳಿದವರು ಎಂಬ ಮೂರು ವರ್ಗಗಳಿಗೆ ಓದುವ, ಬರೆಯುವ, ನಡೆಸುವ ಹಕ್ಕುಗಳನ್ನು ಬೇರೆಬೇರೆಯಾಗಿ ಕೊಡಬಹುದು. ವ್ಯವಸ್ಥೆಯ ಕ್ರಮವಿಧಿಗಳನ್ನು ತಿದ್ದುವ ಹಕ್ಕು ರೂಟ್ ಎಂಬ ಮುಖ್ಯಾಧಿಕಾರಿಗೆ ಮಾತ್ರ. ಸಾಮಾನ್ಯ ಬಳಕೆದಾರನು ತಿಳಿಯದೆ ವೈರಸ್ಸನ್ನು ನಡೆಸಿದರೆ ಅವನ ಸ್ವಂತ ಬರಹ, ಚಿತ್ರಗಳಿಗೆ ಅಪಾಯವುಂಟು. ಆದರೆ ವ್ಯವಸ್ಥೆಯ ಕ್ರಮವಿಧಿಗಳಿಗೆ ಅಂಟಲು ಆ ವೈರಸ್ಸಿಗೆ ಹಕ್ಕೇ ಇರುವುದಿಲ್ಲ. ಇದಲ್ಲದೆ ಲಿನಕ್ಸ್ ಬಳಸುವವರು ತಂತ್ರಾಂಶವನ್ನು ಸಿಕ್ಕಸಿಕ್ಕಲ್ಲಿಂದ ತರುವುದು ಕಡಮೆ. ಡೆಬಿಯನ್, ಫೆಡೋರ ಮುಂತಾದ ಹಂಚಿಕೆಗಳಿಗೆ ತಮ್ಮವೇ ಆದ ಭಂಡಾರಗಳಿವೆ. ಅಲ್ಲಿಂದ ಬಂದ ಕಟ್ಟಿನ ಮೊಹರನ್ನು ಯಂತ್ರವು ಗಣಿತದ ಕ್ರಮದಿಂದ ತಾಳೆನೋಡಿದ ಮೇಲೆಯೇ ಒಳಕ್ಕೆ ಬಿಡುತ್ತದೆ.

ಇವುಗಳ ಒಟ್ಟು ಪರಿಣಾಮವೇನು? ಐ.ಬಿ.ಎಂ. ಸಂಸ್ಥೆಯ ಕೆಫಾರ್ಟ್ ಮತ್ತು ವೈಟ್ ಎಂಬ ವಿಜ್ಞಾನಿಗಳು 1991ರಲ್ಲಿ ಸಾಂಕ್ರಾಮಿಕ ರೋಗಗಳ ಗಣಿತವನ್ನು ಕಂಪ್ಯೂಟರ್ ವೈರಸ್ಸುಗಳಿಗೆ ಅನ್ವಯಿಸಿದರು. ಆ ಗಣಿತದ ಸಾರ ಇಷ್ಟೆ: ಸೋಂಕಿದ ಒಂದು ಯಂತ್ರವು ಗುಣವಾಗುವುದರೊಳಗೆ ಸರಾಸರಿ ಒಂದಕ್ಕಿಂತ ಹೆಚ್ಚು ಯಂತ್ರಗಳಿಗೆ ಸೋಂಕು ದಾಟಿಸಿದರೆ ಪಿಡುಗು ಹಬ್ಬುತ್ತದೆ, ಒಂದಕ್ಕಿಂತ ಕಡಮೆಯಾದರೆ ತಾನಾಗಿ ನಂದುತ್ತದೆ. ಉದಾಹರಣೆಗೆ, 100 ಯಂತ್ರಗಳಿಂದ 50ಕ್ಕೆ, 50ರಿಂದ 25ಕ್ಕೆ ಎಂಬಂತೆ ಪ್ರತಿ ಹೆಜ್ಜೆಗೂ ಅರ್ಧವಾಗುತ್ತ ಹೋದರೆ ಒಟ್ಟು ಸೋಂಕು ಎಂದೂ 200ನ್ನು ದಾಟದು. ವೈರಸ್ಸನ್ನು ಒಂದೊಂದಾಗಿ ಗುರುತಿಸದೆಯೇ, ಅದು ಹರಡುವ ದಾರಿಯನ್ನು ಕಿರಿದುಮಾಡಿದರೆ ಸಾಕು. ಮಲೇರಿಯದ ಊರಿನಲ್ಲಿ ನಿಂತ ನೀರನ್ನು ಬತ್ತಿಸುವುದೂ ಇದೇ ಉಪಾಯ.

ಲಿನಕ್ಸಿಗೆ ಅಂಟುವ ವೈರಸ್ಸುಗಳನ್ನು ಯಾರೂ ಬರೆದೇ ಇಲ್ಲವೆಂದಲ್ಲ. 1996ರಲ್ಲಿ ಸ್ಟಾವೋಗ್ ಎಂಬುದು ಕಾಣಿಸಿತು. 1997ರ ಫೆಬ್ರವರಿಯಲ್ಲಿ ಬ್ಲಿಸ್ ಎಂಬುದು ಹೊರಬಿದ್ದಾಗ, ಆಂಟಿವೈರಸ್ ಮಾರುವ ಮೆಕಾಫೀ ಕಂಪೆನಿಯು ಲಿನಕ್ಸಿನ ಮೊದಲ ವೈರಸ್ಸನ್ನು ತಾನು ಕಂಡುಹಿಡಿದುದಾಗಿ ಡಂಗುರ ಹೊಡೆಯಿತು. ಸ್ಟಾವೋಗ್ ಅದಕ್ಕೆ ಮೊದಲೇ ಇದ್ದಿತು ಎಂಬುದು ಹಾಗಿರಲಿ. ಬ್ಲಿಸ್ ವೈರಸ್ಸನ್ನು ಬರೆದವರು ಅದರೊಳಗೇ ಸೋಂಕನ್ನು ತೆಗೆಯುವ ಆಜ್ಞೆಯೊಂದನ್ನೂ ಇರಿಸಿದ್ದರು! ಇವೆರಡೂ ಪಿಡುಗಾಗಿ ಹಬ್ಬಲಿಲ್ಲ. ಭಯವು ಹಬ್ಬಿದಷ್ಟು ವೇಗವಾಗಿ ವೈರಸ್ ಹಬ್ಬದ ಈ ಪ್ರಸಂಗದಿಂದ ಸಂಶಯಕ್ಕೆ ಮೊದಲ ಬೇರು ಬಿಟ್ಟಿತು.

“ಯಾರಿಂದ ರಕ್ಷಣೆ?”

ಕಡತವನ್ನು ಯಾರಾದರೂ ತೆರೆಯುವ ಮುನ್ನವೇ ತಡೆದು ಪರೀಕ್ಷಿಸಬೇಕಾದರೆ ಶೋಧಕಕ್ಕೆ ಕರ್ನಲ್‌ನೊಳಗೆ ಜಾಗ ಬೇಕು. ಕಡತ ತೆರೆಯಲು ಕ್ರಮವಿಧಿಗಳು ಮಾಡುವ ಕೋರಿಕೆಗಳೆಲ್ಲ ಕರ್ನಲ್‌ನಲ್ಲಿರುವ ಒಂದು ಕೋಷ್ಟಕದ ಮೂಲಕ ಹಾದುಹೋಗುತ್ತವೆ. ಕೆಲವು ಕಂಪೆನಿಗಳ ಶೋಧಕಗಳು ಈ ಕೋಷ್ಟಕವನ್ನೇ ತಿದ್ದಿ, ಕೋರಿಕೆಗಳು ಮೊದಲು ತಮ್ಮ ಬಳಿಗೆ ಬರುವಂತೆ ಮಾಡಿಕೊಂಡಿದ್ದುವು. ಗುಪ್ತವಾಗಿ ನುಸುಳುವ ದುಷ್ಟ ತಂತ್ರಾಂಶಗಳು ಹೂಡುವ ಉಪಾಯವೂ ಇದೇ ಆದುದರಿಂದ ಕರ್ನಲ್ ರಚಿಸುವವರಿಗೆ ಇದು ಹಿಡಿಸಲಿಲ್ಲ.

ಇದಕ್ಕೆ ನೇರವಾದ ದಾರಿಯೊಂದನ್ನು ಕರ್ನಲ್‌ನಲ್ಲಿಯೇ ಕಲ್ಪಿಸೋಣವೆಂದು ರೆಡ್ ಹ್ಯಾಟ್ ಕಂಪೆನಿಯ ಎರಿಕ್ ಪ್ಯಾರಿಸ್ 2008ರ ಆಗಸ್ಟ್ ತಿಂಗಳಲ್ಲಿ ಸಲಹೆಯನ್ನು ಮುಂದಿಟ್ಟರು. ಅದರ ಹೆಸರು ಟಾಲ್ಪ. ಇತರ ರಚನಕಾರರು ಅದನ್ನು ಒಮ್ಮೆಲೇ ತಳ್ಳಿಹಾಕಲೂ ಇಲ್ಲ, ಅಪ್ಪಿಕೊಳ್ಳಲೂ ಇಲ್ಲ. ಅವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು: ಈ ರಕ್ಷಣೆ ಯಾರಿಂದ? ಅವನು ಯಾವ ಬಾಗಿಲಿನಿಂದ ಬರುತ್ತಾನೆ? ಕಡತವನ್ನು ತೆರೆಯುವಾಗ ಪರೀಕ್ಷಿಸಿದಿರಿ, ಸರಿ. ತೆರೆದ ಮೇಲೆ ಅದರೊಳಗೆ ಬೇರೆಯದನ್ನು ಬರೆದರೆ? ದುಷ್ಟ ಕ್ರಮವಿಧಿ ಆಗಲೇ ರೂಟ್ ಅಧಿಕಾರದಿಂದ ಓಡುತ್ತಿದ್ದರೆ ಅದು ನಿಮ್ಮ ಶೋಧಕವನ್ನೇ ಕೊಂದುಹಾಕಲಾರದೆ?

ಈ ವಾದವಿವಾದದಿಂದ ಒಂದು ಸಂಗತಿ ಸ್ಪಷ್ಟವಾಯಿತು. ಓಡುತ್ತಿರುವ ದುಷ್ಟ ಕ್ರಮವಿಧಿಯೊಡನೆ ಹೋರಾಡುವುದು ಇಂಥ ಶೋಧಕದಿಂದ ಆಗುವ ಕೆಲಸವಲ್ಲ. ಅಂಚೆಯನ್ನೂ ಕಡತಗಳನ್ನೂ ಹಂಚುವ ಲಿನಕ್ಸ್ ಸರ್ವರುಗಳ ಮೂಲಕ ವಿಂಡೋಸ್ ಯಂತ್ರಗಳಿಗೆ ಸಾಗುವ ಸೋಂಕನ್ನು ನಡುದಾರಿಯಲ್ಲಿ ಹಿಡಿಯುವುದೇ ಅದರ ನಿಜವಾದ ಉಪಯೋಗ. ಮಿತಿಯನ್ನು ಹೀಗೆ ಗೊತ್ತುಪಡಿಸಿಕೊಂಡ ಮೇಲೆ ಆ ಸಲಹೆ ಮಾರ್ಪಟ್ಟು ಫ್ಯಾನೋಟಿಫೈ ಎಂಬ ಹೆಸರಿನಿಂದ ಕರ್ನಲ್ ಸೇರಿತು. 2010ರಲ್ಲಿ ಹೊರಬಂದ 2.6.36ನೆಯ ಆವೃತ್ತಿಯಲ್ಲಿ ಅದನ್ನು ಇರಿಸಿಯೂ, ಇನ್ನೂ ಹದಕ್ಕೆ ಬಂದಿಲ್ಲವೆಂದು ಕೊನೆಯ ಗಳಿಗೆಯಲ್ಲಿ ಮುಚ್ಚಿದ್ದರು. 2011ರ ಜನವರಿಯಲ್ಲಿ ಬಂದ ಮುಂದಿನ ಆವೃತ್ತಿಯಲ್ಲಿ ಬಳಕೆಗೆ ಬಿಟ್ಟರು. ಸಂಶಯವೆಂದರೆ ಹಟವಲ್ಲ, ಒಳ್ಳೆಯ ಸಂಶಯವು ಒಳ್ಳೆಯ ಪ್ರಶ್ನೆಯಾಗಿ ಕೆಲಸವನ್ನು ಸುಧಾರಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಕಾವಲುಗಾರನ ಕೈಯಲ್ಲಿ ಎಲ್ಲ ಬೀಗದ ಕೈಗಳು

ಸಂಶಯಕ್ಕೆ ಇನ್ನೊಂದು ಕಾರಣವೂ ಉಂಟು. ಎಲ್ಲರ ಕಡತಗಳನ್ನೂ ಓದಬೇಕಾದ ಶೋಧಕವು ಸಾಮಾನ್ಯವಾಗಿ ರೂಟ್ ಅಧಿಕಾರದಿಂದಲೇ ಓಡುತ್ತದೆ. ಹೊರಗಿನಿಂದ ಬಂದ ಪ್ರತಿಯೊಂದು ಸಂದೇಹಾಸ್ಪದ ಗಂಟನ್ನೂ ಬಿಚ್ಚಿನೋಡುವುದು ಅದರ ವೃತ್ತಿ. ಬಿಚ್ಚುವ ಕೈಯಲ್ಲಿಯೇ ದೋಷವಿದ್ದರೆ, ಶತ್ರುವು ಗಂಟನ್ನು ಕಳಿಸಿದರೆ ಸಾಕು, ಎಲ್ಲ ಕೋಣೆಗಳ ಬೀಗದ ಕೈಗಳೂ ಅವನ ಪಾಲಾಗುತ್ತವೆ.

ಇದು ಕೇವಲ ಕಲ್ಪನೆಯಲ್ಲ. ಲಿನಕ್ಸಿಗಾಗಿ ಮೆಕಾಫೀ ಮಾರುತ್ತಿದ್ದ ಶೋಧಕವೊಂದರಲ್ಲಿ ಹತ್ತು ದೋಷಗಳನ್ನು ಅಮೆರಿಕದ ಎಂ.ಐ.ಟಿ. ಲಿಂಕನ್ ಪ್ರಯೋಗಶಾಲೆಯ ಆಂಡ್ರೂ ಫಸಾನೊ ಕಂಡುಹಿಡಿದರು. ಅವುಗಳಲ್ಲಿ ಕೆಲವನ್ನು ಕೊಂಡಿಯಂತೆ ಸೇರಿಸಿದರೆ ದೂರದಲ್ಲಿರುವವನು ಆ ಯಂತ್ರದ ರೂಟ್ ಅಧಿಕಾರವನ್ನೇ ಪಡೆಯಬಹುದಾಗಿತ್ತು. 2016ರ ಜೂನ್ ತಿಂಗಳಲ್ಲಿ ತಿಳಿಸಿದ ಈ ದೋಷಗಳಿಗೆ ಪರಿಹಾರ ಹೊರಬಂದುದು ಡಿಸೆಂಬರಿನಲ್ಲಿ. ಹಣಕ್ಕೆ ಮಾರುವ ಶೋಧಕಗಳಿಗೆ ಮಾತ್ರ ಈ ಗತಿ ಎಂದು ತಿಳಿಯಬಾರದು. ಮುಕ್ತ ಶೋಧಕವಾದ ಕ್ಲಾಮ್‌ಎವಿಯಲ್ಲಿಯೂ, ಒಂದು ಬಗೆಯ ಕಡತವನ್ನು ಬಿಚ್ಚುವ ಭಾಗದಲ್ಲಿ, ಇಂಥದೇ ಗಂಭೀರ ದೋಷವಿದ್ದುದು 2023ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಕಾವಲುಗಾರನನ್ನು ಇರಿಸಿಕೊಂಡುದರಿಂದ ಮನೆಗೆ ಇನ್ನೊಂದು ಬಾಗಿಲನ್ನು ತೆರೆದಂತೆಯೂ ಆಯಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಜಂಬದ ಬೆಲೆ

ಇಷ್ಟನ್ನು ಓದಿದ ವಾಚಕರು “ಹಾಗಾದರೆ ಲಿನಕ್ಸಿಗೆ ಭಯವೇ ಇಲ್ಲ” ಎಂದು ನಿರ್ಧರಿಸಿದರೆ ಅದು ವ್ಯಾಪಾರಿಯ ಮಾತನ್ನು ನಂಬುವುದಕ್ಕಿಂತಲೂ ದೊಡ್ಡ ತಪ್ಪು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿರುವುವೆಲ್ಲ ಲಿನಕ್ಸ್ ಯಂತ್ರಗಳೇ; ಜಾಲದ ಸರ್ವರುಗಳಲ್ಲಿ, ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದೂ ಅದರ ಕರ್ನಲ್ಲೇ. ಸಿರಿವಂತನ ಮನೆಗೆ ಕಳ್ಳರು ಬಾರದಿರುವರೆ?

2002ರ ಸೆಪ್ಟೆಂಬರಿನಲ್ಲಿ ಸ್ಲ್ಯಾಪರ್ ಎಂಬ ಹುಳು ಸಾವಿರಾರು ಲಿನಕ್ಸ್ ಸರ್ವರುಗಳನ್ನು ಹೊಕ್ಕಿತು. ಅದು ಬಳಸಿದ ಬಿರುಕನ್ನು ಮುಚ್ಚುವ ತಿದ್ದುಪಡಿ ಜುಲೈ ತಿಂಗಳಲ್ಲಿಯೇ ಪ್ರಕಟವಾಗಿದ್ದಿತು. ಹೊಕ್ಕುದು ಅದನ್ನು ಹಾಕದವರ ಯಂತ್ರಗಳನ್ನು. 2017ರ ಜೂನ್ ತಿಂಗಳಲ್ಲಿ ದಕ್ಷಿಣ ಕೊರಿಯದ ನಯಾನಾ ಎಂಬ ಕಂಪೆನಿಯ 153 ಲಿನಕ್ಸ್ ಸರ್ವರುಗಳನ್ನು ಎರೆಬಸ್ ಎಂಬ ಸುಲಿಗೆಯ ತಂತ್ರಾಂಶ ಬೀಗಹಾಕಿತು. ಸುಮಾರು 3,400 ಗ್ರಾಹಕರ ಜಾಲತಾಣಗಳು ನೆಲಕಚ್ಚಿದುವು. ಕಂಪೆನಿಯು ಸುಮಾರು ಹತ್ತು ಲಕ್ಷ ಡಾಲರುಗಳನ್ನು ತೆರಲು ಒಪ್ಪಬೇಕಾಯಿತು. ಅದರ ವ್ಯವಸ್ಥೆಯಲ್ಲಿದ್ದ ಕರ್ನಲ್ 2008ರದು. ಜಾಲತಾಣಗಳನ್ನು ನಡೆಸುವ ಮುಖ್ಯ ಭಾಗಗಳು 2006ರವು. ಇದನ್ನು ಎತ್ತಿ ತೋರಿಸಿದುದು ಟ್ರೆಂಡ್ ಮೈಕ್ರೊ ಎಂಬ ಆಂಟಿವೈರಸ್ ಕಂಪೆನಿಯೇ! ಒಂಬತ್ತು ವರ್ಷ ರಿಪೇರಿ ಕಾಣದ ಮನೆಗೆ, ಬೀಗಗಳು ಒಳ್ಳೆಯ ಜಾತಿಯವು ಎಂಬ ಹೆಮ್ಮೆ ರಕ್ಷಣೆ ಕೊಡಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪಾಠ 2024ರ ಮಾರ್ಚ್ 29ರಂದು ದೊರೆಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಮುಕ್ತ ತಂತ್ರಾಂಶವು ಅನೇಕ ಲಿನಕ್ಸ್ ಹಂಚಿಕೆಗಳಲ್ಲಿದೆ. ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಎರಡು ವರ್ಷಗಳಿಗೂ ಹೆಚ್ಚು ಕಾಲ ಅದಕ್ಕೆ ನೆರವಾಗಿ, ನಂಬಿಕೆ ಗಳಿಸಿ, ಅದರ ಮೇಲ್ವಿಚಾರಣೆಯಲ್ಲಿ ಪಾಲು ಪಡೆದು, ಕೊನೆಗೆ ಅದರೊಳಗೆ ಒಂದು ಕಳ್ಳಬಾಗಿಲನ್ನು ಅಡಗಿಸಿದರು. ಭಂಡಾರದ ಮೊಹರು ಸರಿಯಾಗಿಯೇ ಇದ್ದಿತು. ಶೋಧಕಗಳ ಪಟ್ಟಿಯಲ್ಲಿ ಅದರ ಗುರುತು ಇರಲಿಲ್ಲ. ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ದೂರದ ಯಂತ್ರಕ್ಕೆ ಪ್ರವೇಶ ಪಡೆಯುವಾಗ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ, ಏಕೆ, ಎಂದು ಅವರು ಬೆನ್ನುಹತ್ತಿ ಹೋದರು. ಆಕರವೆಲ್ಲ ಬಯಲಿನಲ್ಲಿ ಇದ್ದುದರಿಂದಲೇ ಹಾಗೆ ಬೆನ್ನುಹತ್ತುವುದು ಸಾಧ್ಯವಾಯಿತು. ಹಲವು ಹಂಚಿಕೆಗಳ ಪರೀಕ್ಷೆಯ ಹಂತವನ್ನು ಮುಟ್ಟಿದ್ದ ಆ ಕಳ್ಳಬಾಗಿಲು ಜಗತ್ತಿನ ಸರ್ವರುಗಳಿಗೆಲ್ಲ ಹರಡುವ ಮೊದಲೇ ಮುಚ್ಚಿಹೋಯಿತು. ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ನೋಡುತ್ತಿರುತ್ತಾರೆಂದು ಭಾವಿಸಬಾರದು. ಒಬ್ಬನಾದರೂ ಕಣ್ಣಿಟ್ಟು ನೋಡಬೇಕು.

ಯಜಮಾನನ ಉತ್ತರ

ಈಗ ನಮ್ಮ ಮನೆಯ ಯಜಮಾನನ ಬಳಿಗೆ ಹಿಂದಿರುಗೋಣ. ಅವನು ವ್ಯಾಪಾರಿಯನ್ನು ಬೈದು ಅಟ್ಟಬೇಕಾಗಿಲ್ಲ. ಕೂರಿಸಿ ಮೂರು ಪ್ರಶ್ನೆಗಳನ್ನು ಕೇಳಲಿ. ನಿನ್ನ ಕಾವಲುಗಾರನು ಯಾವ ಕಳ್ಳನನ್ನು, ಯಾವ ಬಾಗಿಲಲ್ಲಿ ತಡೆಯುತ್ತಾನೆ? ಆ ಬಾಗಿಲನ್ನು ನಾನೇ ಮುಚ್ಚಬಹುದಾದರೆ ಅವನು ಏಕೆ ಬೇಕು? ಅವನಿಗೆ ನಾನು ಕೊಡುವ ಬೀಗದ ಕೈಗಳು ಕೆಟ್ಟವನ ವಶವಾದರೆ ಗತಿಯೇನು? ಊರಿಗೆಲ್ಲ ಅಂಚೆ ಹಂಚುವ ಸರ್ವರ್ ತನ್ನದಾದರೆ ಮೊದಲ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ದೊರೆತೀತು. ಆಗ ಶೋಧಕವನ್ನು ಇರಿಸುವುದು ವಿವೇಕ. ಬರಿಯ ಹೆದರಿಕೆಯೇ ಉತ್ತರವಾದರೆ ಹಣವನ್ನು ಉಳಿಸಿಕೊಳ್ಳುವುದು ವಿವೇಕ.

ಆಮೇಲೆ ಅವನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಉಂಟು. ತಿದ್ದುಪಡಿಗಳನ್ನು ಬಂದ ಕೂಡಲೇ ಹಾಕಿದ್ದೇನೆಯೆ? ನಿತ್ಯದ ಕೆಲಸಕ್ಕೆ ರೂಟ್ ಅಧಿಕಾರವನ್ನು ಬಳಸುತ್ತಿಲ್ಲವಷ್ಟೆ? ಗುರುತಿಲ್ಲದ ಕಡೆಯಿಂದ ತಂತ್ರಾಂಶ ತರುತ್ತಿದ್ದೇನೆಯೆ? ಎಲ್ಲ ಬರಹಗಳ ಇನ್ನೊಂದು ಪ್ರತಿ ಬೇರೆ ಕಡೆ ಭದ್ರವಾಗಿದೆಯೆ? ಇವಕ್ಕೆ ಹಣ ಬೇಡ, ಅಭ್ಯಾಸ ಬೇಕು.

ಶಾಲಾ ಕಾಲೇಜುಗಳ ನಮ್ಮ ತರುಣ ವಾಚಕರಲ್ಲಿ ಕೆಲವರು ನಾಳೆ ಆಸ್ಪತ್ರೆಯ, ಬ್ಯಾಂಕಿನ, ರೈಲ್ವೆಯ ಸರ್ವರುಗಳನ್ನು ನೋಡಿಕೊಳ್ಳುವವರು. ಅವರ ಬಾಗಿಲಿಗೂ ಕಾವಲಿನ ವ್ಯಾಪಾರಿಗಳು ಬಂದೇ ಬರುತ್ತಾರೆ. ಆ ದಿನ ಭಯದಿಂದ ಒಪ್ಪುವುದೂ ಬೇಡ, ಜಂಬದಿಂದ ನಿರಾಕರಿಸುವುದೂ ಬೇಡ. ಮೊದಲು ಕೈದೀಪ ಹಿಡಿದು ತಮ್ಮ ಮನೆಯನ್ನು ಒಮ್ಮೆ ಸುತ್ತಿ, ಎಲ್ಲ ಬಾಗಿಲುಗಳನ್ನೂ ಎಣಿಸಿಕೊಂಡು ಬರಲಿ.